ಪೋರ್ಟಿಗೂ ಒಂದು ಹೆಸರಿರಲಿ

ಡಿಪ್ಲಾಯ್‌ಮೆಂಟ್ ಯಶಸ್ವಿ ಅಂತ ಟರ್ಮಿನಲ್ ಹೇಳುತ್ತೆ. ಪಾಡ್‌ಗಳೆಲ್ಲ ರನ್ನಿಂಗ್, ರೆಡಿ ಕಾಲಮ್ಮಿನಲ್ಲಿ 1/1. ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ಆದ್ರೆ ಬ್ರೌಸರ್ ತೆಗೆದರೆ ಸೈಟ್ ಬರಲ್ಲ. ಕುಬರ್ನೆಟಿಸ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಈ ಜಾಗಕ್ಕೆ ಬಂದು ನಿಲ್ಲುತ್ತಾರೆ, ಸಾಮಾನ್ಯವಾಗಿ ಪ್ರಾಜೆಕ್ಟ್ ರಿವ್ಯೂ ಹಿಂದಿನ ರಾತ್ರಿ. ಇದಕ್ಕೆ ಕಾರಣಗಳು ಹತ್ತಾರು ಇರಬಹುದು. ಅದರಲ್ಲಿ ಒಂದನ್ನು ಮಾತ್ರ ಇಲ್ಲಿ ಹಿಡಿದುಕೊಳ್ಳೋಣ: ಪೋರ್ಟ್ ನಂಬರ್. ಅದನ್ನು ಎರಡು ಮೂರು ಫೈಲುಗಳಲ್ಲಿ ಕೈಯಾರೆ ಬರೆದಿಟ್ಟರೆ ಏನಾಗುತ್ತೆ, ನಂಬರಿನ ಬದಲು ಹೆಸರು ಬರೆದರೆ ಏನು ಬದಲಾಗುತ್ತೆ, ಹೆಸರು ಕೂಡ ಎಲ್ಲಿ ಕೈಕೊಡುತ್ತೆ ಅನ್ನೋದು ಈ ಲೇಖನದ ವಿಷಯ.

ಡಾಕರ್ ಗೊತ್ತಿದ್ದರೆ ಸಾಕು, ಉಳಿದದ್ದನ್ನು ಎರಡು ಮಾತಿನಲ್ಲಿ ಹೇಳಿಬಿಡ್ತೀನಿ. ಕುಬರ್ನೆಟಿಸ್‌ನಲ್ಲಿ ಕಂಟೇನರ್ ಓಡುವುದು ಪಾಡ್ ಅನ್ನೋ ಗೂಡಿನೊಳಗೆ. ಪಾಡ್‌ಗೆ ತನ್ನದೇ ಐಪಿ ವಿಳಾಸ ಇರುತ್ತೆ, ಆದರೆ ಪಾಡ್ ಸತ್ತು ಹೊಸದು ಹುಟ್ಟಿದಾಗ ವಿಳಾಸವೂ ಬದಲಾಗುತ್ತೆ. ಅದಕ್ಕೇ ಪಾಡ್‌ಗಳ ಮುಂದೆ ಸರ್ವಿಸ್ ಅನ್ನೋ ಸ್ಥಿರವಾದ ಬಾಗಿಲು ಇಡುತ್ತೇವೆ. ಬರುವವರು ಸರ್ವಿಸ್‌ನ ಹೆಸರು ಹಿಡಿದು ಬರುತ್ತಾರೆ, ಸರ್ವಿಸ್ ಲೇಬಲ್ ನೋಡಿ ಸರಿಯಾದ ಪಾಡ್‌ಗಳಿಗೆ ಕಳಿಸುತ್ತೆ.

ಇಲ್ಲಿ ಪೋರ್ಟ್ ಅನ್ನೋ ಪದ ಮೂರು ಕಡೆ ಬರುತ್ತೆ. ಪಾಡ್‌ನ ವಿವರಣೆಯಲ್ಲಿ ಕಂಟೇನರ್‌ಪೋರ್ಟ್. ಸರ್ವಿಸ್‌ನಲ್ಲಿ ಪೋರ್ಟ್, ಅಂದ್ರೆ ಹೊರಗಿನಿಂದ ಬರುವವರು ತಟ್ಟುವ ನಂಬರ್. ಅದೇ ಸರ್ವಿಸ್‌ನಲ್ಲಿ ಟಾರ್ಗೆಟ್‌ಪೋರ್ಟ್, ಅಂದ್ರೆ ಪಾಡ್‌ನ ಯಾವ ಪೋರ್ಟಿಗೆ ಕಳಿಸಬೇಕು ಅನ್ನೋದು. ಟಾರ್ಗೆಟ್‌ಪೋರ್ಟ್ ಬರೆಯದೇ ಬಿಟ್ಟರೆ ಪೋರ್ಟ್ ಎಷ್ಟೋ ಅದೂ ಅಷ್ಟೇ ಅಂತ ಲೆಕ್ಕ.

ಈಗ ಒಂದು ಉದಾಹರಣೆ. ಕಾಲೇಜು ಫೆಸ್ಟ್‌ಗೆ ಒಂದು ವೆಬ್‌ಸೈಟ್ ಇದೆ ಅಂದುಕೊಳ್ಳಿ. ಎಂಜಿನ್‌ಎಕ್ಸ್ ಇಮೇಜ್, ಮೂರು ಪಾಡ್, ಎಲ್ಲವೂ 80ರಲ್ಲಿ ಕೇಳಿಸಿಕೊಳ್ಳುತ್ತಿವೆ. ಸರ್ವಿಸ್‌ನ ಪೋರ್ಟ್ 80, ಟಾರ್ಗೆಟ್‌ಪೋರ್ಟ್ ಕೂಡ 80. ಚೆನ್ನಾಗಿ ನಡೀತಿದೆ. ಅಷ್ಟರಲ್ಲಿ ಯಾರೋ ಸೀನಿಯರ್ ಬಂದು, ಕಂಟೇನರನ್ನು ರೂಟ್ ಯೂಸರ್ ಆಗಿ ಓಡಿಸಬೇಡ್ರೋ ಅಂತಾರೆ. ಮಾತು ಸರಿಯೇ. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯೋಕೆ ಮೂಲತಃ ವಿಶೇಷ ಅಧಿಕಾರ ಬೇಕು. ಅದಕ್ಕೇ ಎಂಜಿನ್‌ಎಕ್ಸ್‌ಗೆ ರೂಟ್ ಇಲ್ಲದೆ ಓಡುವ, ಅನ್‌ಪ್ರಿವಿಲೆಜ್ಡ್ ಅನ್ನೋ ಹೆಸರಿನ ಪ್ರತ್ಯೇಕ ಇಮೇಜ್ ಇದೆ, ಅದು 8080ರಲ್ಲಿ ಕೇಳಿಸಿಕೊಳ್ಳುತ್ತೆ. ಡಿಪ್ಲಾಯ್‌ಮೆಂಟ್ ಫೈಲಿನಲ್ಲಿ ಇಮೇಜ್ ಬದಲಿಸಿದ್ರಿ, ಕಂಟೇನರ್‌ಪೋರ್ಟ್ ಬದಲಿಸಿದ್ರಿ, ರೆಡಿನೆಸ್ ಪ್ರೋಬ್‌ನ ಪೋರ್ಟನ್ನೂ ನೆನಪಿಟ್ಟು 8080 ಮಾಡಿದ್ರಿ. ಸರ್ವಿಸ್ ಬೇರೆ ಫೈಲಿನಲ್ಲಿದೆ, ಅದು 80ರಲ್ಲೇ ಉಳೀತು.

ಆಮೇಲೆ ನಡೆಯೋದನ್ನು ನಿಧಾನವಾಗಿ ನೋಡಿ. ರೋಲಿಂಗ್ ಅಪ್‌ಡೇಟ್‌ನ ಡೀಫಾಲ್ಟ್ ಲೆಕ್ಕದಲ್ಲಿ ಮೂರು ಪಾಡ್‌ಗೆ ಒಂದು ಹೆಚ್ಚುವರಿ ಪಾಡ್ ಮೊದಲು ಹುಟ್ಟುತ್ತೆ. ಅದರ ಪ್ರೋಬ್ 8080ಕ್ಕೆ ಹೋಗಿ ಉತ್ತರ ಪಡೆಯುತ್ತೆ, ಪಾಡ್ ರೆಡಿ ಅಂತ ಗುರುತಾಗುತ್ತೆ. ರೆಡಿ ಆದ ಕೂಡಲೇ ಸರ್ವಿಸ್ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡು ಅದರ 80ನೇ ಪೋರ್ಟಿಗೆ ಜನರನ್ನು ಕಳಿಸೋಕೆ ಶುರು ಮಾಡುತ್ತೆ. ಅಲ್ಲಿ ಯಾರೂ ಇಲ್ಲ. ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ರಿಕ್ವೆಸ್ಟ್ ಬಿದ್ದುಹೋಗುತ್ತೆ. ರಿಫ್ರೆಶ್ ಮಾಡಿದರೆ ಸರಿಯಾಗುತ್ತೆ, ಹಾಗಾಗಿ ವೈಫೈ ಸರಿ ಇಲ್ಲ ಅಂತ ಜನ ಸುಮ್ಮನಾಗ್ತಾರೆ. ಹಳೆಯ ಪಾಡ್ ಒಂದೊಂದಾಗಿ ಹೋಗ್ತಾ ಹೊಸದು ಒಂದೊಂದಾಗಿ ಬರ್ತಾ ಕೊನೆಗೆ ಮೂರೂ ಹೊಸವು ಆದಾಗ ಎಲ್ಲ ರಿಕ್ವೆಸ್ಟ್‌ಗಳೂ ಬಿದ್ದುಹೋಗುತ್ತವೆ. ಅದೇ ಕ್ಷಣ ಟರ್ಮಿನಲ್‌ನಲ್ಲಿ ರೋಲ್‌ಔಟ್ ಯಶಸ್ವಿಯಾಗಿ ಮುಗಿಯಿತು ಅನ್ನೋ ಸಾಲು ಮೂಡುತ್ತೆ. ಕುಬರ್ನೆಟಿಸ್ ಸುಳ್ಳು ಹೇಳ್ತಿಲ್ಲ. ಡಿಪ್ಲಾಯ್‌ಮೆಂಟ್‌ನ ಕೆಲಸ ಪಾಡ್‌ಗಳನ್ನು ರೆಡಿ ಸ್ಥಿತಿಗೆ ತರೋದು, ತಂದಿದೆ. ಸರ್ವಿಸ್ ಬೇರೆ ವಸ್ತು, ಅದರ ಗೊಡವೆ ಇದಕ್ಕಿಲ್ಲ. (ತಮಾಷೆ ಏನಂದ್ರೆ, ಪ್ರೋಬ್ ಬದಲಿಸೋಕೆ ಮರೆತವರು ಇಲ್ಲಿ ಬಚಾವ್! ಹೊಸ ಪಾಡ್ ರೆಡಿ ಆಗೋದೇ ಇಲ್ಲ, ಹಳೆಯವು ಹಾಗೇ ನಡೀತಿರ್ತವೆ.)

ಹಾಗಾದ್ರೆ ಸರ್ವಿಸನ್ನೂ ಜೊತೆಗೇ ಬದಲಿಸಿದರೆ ಆಯ್ತಲ್ಲ ಅಂತೀರಿ. ಆಗಲ್ಲ. ಸರ್ವಿಸ್‌ನ ಬದಲಾವಣೆ ತಕ್ಷಣ ಜಾರಿಗೆ ಬರುತ್ತೆ, ಪಾಡ್‌ಗಳು ಬದಲಾಗೋಕೆ ನಿಮಿಷಗಟ್ಟಲೆ ಬೇಕು. ಸರ್ವಿಸ್ 8080 ಅಂದ ಕೂಡಲೇ ಇನ್ನೂ 80ರಲ್ಲಿರುವ ಹಳೆಯ ಪಾಡ್‌ಗಳೆಲ್ಲ ಕೈತಪ್ಪುತ್ತವೆ. ಮೊದಲು ಬದಲಿಸಿದರೂ ತೊಂದರೆ, ಆಮೇಲೆ ಬದಲಿಸಿದರೂ ತೊಂದರೆ. ಒಂದೇ ನಂಬರಿನಲ್ಲಿ ಎರಡು ಬಗೆಯ ಪಾಡ್‌ಗಳನ್ನು ಹಿಡಿಯೋಕೆ ಆಗಲ್ಲ ಅನ್ನೋದೇ ಮೂಲ ಸಮಸ್ಯೆ.

ಹೆಸರು ಬೇಕಾಗೋದು ಇಲ್ಲೇ. ಕಾಲೇಜಿನಲ್ಲಿ ಎಕ್ಸಾಮ್ ಸೆಕ್ಷನ್ 104ನೇ ರೂಮಿನಿಂದ ಮೇಲಿನ ಮಹಡಿಗೆ ಹೋದರೆ, 104ಕ್ಕೆ ಹೋಗು ಅಂತ ಕಳಿಸಿದವರು ಬೀಗ ನೋಡಿ ವಾಪಸ್ ಬರ್ತಾರೆ. ಎಕ್ಸಾಮ್ ಸೆಕ್ಷನ್‌ಗೆ ಹೋಗು ಅಂತ ಕಳಿಸಿದವರು ಎಲ್ಲಿದೆ ಅಂತ ಕೇಳಿಕೊಂಡು ಹೋಗ್ತಾರೆ. ಪಾಡ್‌ನ ವಿವರಣೆಯಲ್ಲಿ ಪೋರ್ಟಿಗೆ ಹೆಸರು ಕೊಡಬಹುದು, ಸರ್ವಿಸ್‌ನ ಟಾರ್ಗೆಟ್‌ಪೋರ್ಟ್‌ನಲ್ಲಿ ನಂಬರಿನ ಬದಲು ಆ ಹೆಸರನ್ನೇ ಬರೆಯಬಹುದು. ಓದಿಕೊಳ್ಳೋಕೆ ಅನುಕೂಲ ಆಗಲಿ ಅಂತ ಕೀಲಿಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೀನಿ. ನಿಜವಾದ ಯಾಮಲ್ ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಇಲ್ಲಾಂದ್ರೆ ಕ್ಯೂಬ್‌ಸಿಟಿಎಲ್ ಒಪ್ಪಲ್ಲ.

ಪಾಡ್‌ನ ಕಡೆ:

ಪೋರ್ಟ್ಸ್:
- ನೇಮ್: ವೆಬ್
  ಕಂಟೇನರ್‌ಪೋರ್ಟ್: 80

ಸರ್ವಿಸ್‌ನ ಕಡೆ:

ಪೋರ್ಟ್ಸ್:
- ನೇಮ್: ಎಚ್‌ಟಿಟಿಪಿ
  ಪೋರ್ಟ್: 80
  ಟಾರ್ಗೆಟ್‌ಪೋರ್ಟ್: ವೆಬ್

ಈ ಹೆಸರನ್ನು ನಂಬರಿಗೆ ಬಿಡಿಸೋದು ಯಾರು? ಬರುವ ರಿಕ್ವೆಸ್ಟ್ ಅಲ್ಲ, ಡಿಎನ್ಎಸ್ ಅಲ್ಲ. ಕಂಟ್ರೋಲ್ ಪ್ಲೇನ್‌ನಲ್ಲಿ ಎಂಡ್‌ಪಾಯಿಂಟ್‌ಸ್ಲೈಸ್ ಕಂಟ್ರೋಲರ್ ಅಂತ ಒಂದು ಕೆಲಸಗಾರ ಇದ್ದಾನೆ. ಸರ್ವಿಸ್‌ನ ಸೆಲೆಕ್ಟರಿಗೆ ಹೊಂದುವ ಪಾಡ್‌ಗಳನ್ನು ಹುಡುಕಿ, ಪ್ರತಿಯೊಂದು ಪಾಡ್‌ನ ಪಟ್ಟಿಯಲ್ಲೂ ವೆಬ್ ಅನ್ನೋ ಹೆಸರು ಎಲ್ಲಿದೆ, ಅದರ ನಂಬರ್ ಎಷ್ಟು ಅಂತ ಬೇರೆ ಬೇರೆಯಾಗಿ ನೋಡ್ತಾನೆ. ಸಿಕ್ಕ ನಂಬರನ್ನು ಪಾಡ್‌ನ ಐಪಿ ಜೊತೆಗೆ ಎಂಡ್‌ಪಾಯಿಂಟ್‌ಸ್ಲೈಸ್ ಅನ್ನೋ ವಸ್ತುವಿನಲ್ಲಿ ಬರೆದಿಡ್ತಾನೆ. ಪ್ರತಿ ನೋಡ್‌ನಲ್ಲೂ ಕೂತಿರುವ ಕ್ಯೂಬ್‌ಪ್ರಾಕ್ಸಿ ಅದನ್ನು ಓದಿ ನೆಟ್‌ವರ್ಕ್ ನಿಯಮಗಳನ್ನು ಬರೆಯುತ್ತೆ. ಅಷ್ಟು ಹೊತ್ತಿಗೆ ಹೆಸರು ಮಾಯ, ಉಳಿಯೋದು ನಂಬರೇ. ಹಾಗಾಗಿ ಹೆಸರು ಇಟ್ಟರೆ ಸ್ಲೋ ಆಗುತ್ತಾ ಅನ್ನೋ ಅನುಮಾನ ಬೇಡ, ಪ್ಯಾಕೆಟ್ ಹೋಗುವಾಗ ಯಾರೂ ಹೆಸರು ನೋಡ್ತಿರಲ್ಲ.

ಬೇರೆ ಬೇರೆಯಾಗಿ ಅನ್ನೋ ಪದದಲ್ಲೇ ಎಲ್ಲ ಇದೆ. ಹಳೆಯ ಪಾಡ್‌ನಲ್ಲಿ ವೆಬ್ ಅಂದ್ರೆ 80, ಹೊಸ ಪಾಡ್‌ನಲ್ಲಿ ವೆಬ್ ಅಂದ್ರೆ 8080. ಸರ್ವಿಸ್ ಒಂದೇ, ಫೈಲ್ ಮುಟ್ಟಿಲ್ಲ, ಆದರೆ ಹಳೆಯವರಿಗೆ 80ಕ್ಕೂ ಹೊಸಬರಿಗೆ 8080ಕ್ಕೂ ಜನ ಹೋಗ್ತಾರೆ. ರೋಲಿಂಗ್ ಅಪ್‌ಡೇಟ್ ಅರ್ಧದಲ್ಲಿದ್ದಾಗಲೂ ಒಂದು ರಿಕ್ವೆಸ್ಟ್ ಕೂಡ ತಪ್ಪಾದ ಪೋರ್ಟಿಗೆ ಹೋಗಲ್ಲ. ಹಿಂದಕ್ಕೆ ರೋಲ್‌ಬ್ಯಾಕ್ ಮಾಡಿದರೂ ಅಷ್ಟೇ.

ಆದರೆ ಈಗಾಗಲೇ ನಂಬರಿನಲ್ಲಿ ನಡೆಯುತ್ತಿರುವ ಆ್ಯಪನ್ನು ಹೆಸರಿಗೆ ತರುವಾಗ ಕ್ರಮ ಮುಖ್ಯ. ಮೊದಲು ಡಿಪ್ಲಾಯ್‌ಮೆಂಟ್‌ನಲ್ಲಿ 80ಕ್ಕೇ ವೆಬ್ ಅಂತ ಹೆಸರು ಕೊಡಿ. ಪಾಡ್ ಟೆಂಪ್ಲೇಟ್ ಬದಲಾದ್ದರಿಂದ ಇದಕ್ಕೂ ಒಂದು ರೋಲ್‌ಔಟ್ ನಡೆಯುತ್ತೆ, ಅದು ಪೂರ್ತಿ ಮುಗಿಯಲಿ. ಆಮೇಲೆ ಸರ್ವಿಸ್‌ನ ಟಾರ್ಗೆಟ್‌ಪೋರ್ಟನ್ನು ವೆಬ್ ಮಾಡಿ. ಇಮೇಜ್ ಮತ್ತು ನಂಬರ್ ಬದಲಿಸೋದು ಕೊನೆಗೆ. ಅವಸರದಲ್ಲಿ ಸರ್ವಿಸನ್ನು ಮೊದಲೇ ಬದಲಿಸಿದರೆ, ಆ ಹೆಸರಿನ ಪೋರ್ಟೇ ಇಲ್ಲದ ಪಾಡ್‌ಗಳನ್ನು ಕಂಟ್ರೋಲರ್ ಎಲ್ಲಿಗೆ ಕಳಿಸೋದು? ಕಳಿಸಲ್ಲ, ಅಷ್ಟೇ. ಆ ಸರ್ವಿಸ್‌ಗೆ ಹೋಗೋಕೆ ಜಾಗವೇ ಇರಲ್ಲ, ಕನೆಕ್ಷನ್ ರಿಫ್ಯೂಸ್ಡ್ ಬರುತ್ತೆ.

ಇದೇ ಹೆಸರಿನ ದೊಡ್ಡ ದೌರ್ಬಲ್ಯ, ಇದನ್ನು ಮುಚ್ಚಿಡಬಾರದು. ಪಾಡ್‌ನಲ್ಲಿ ವೆಬ್ ಅಂತ ಬರೆದು ಸರ್ವಿಸ್‌ನಲ್ಲಿ ಕಣ್ತಪ್ಪಿನಿಂದ ವೆಬ್ಸ್ ಅಂತ ಬರೆದರೆ ಅಪ್ಲೈ ಮಾಡುವಾಗ ಕುಬರ್ನೆಟಿಸ್ ತುಟಿಪಿಟಕ್ ಅನ್ನಲ್ಲ. ಸರ್ವಿಸ್ ಮತ್ತು ಪಾಡ್ ಬೇರೆ ಬೇರೆ ವಸ್ತುಗಳು, ಒಂದನ್ನು ಪರೀಕ್ಷಿಸುವಾಗ ಇನ್ನೊಂದನ್ನು ನೋಡೋದಿಲ್ಲ. ಸರ್ವಿಸ್ ಮೊದಲು ಬಂದು ಪಾಡ್ ನಾಳೆ ಬರಬಹುದು, ಅದು ತಪ್ಪಲ್ಲ ಅನ್ನೋದು ಅದರ ವಿನ್ಯಾಸ. ಪ್ರೋಟೋಕಾಲ್ ಕೂಡ ಹೊಂದಬೇಕು: ಪಾಡ್‌ನಲ್ಲಿ ಯುಡಿಪಿ ಅಂತ ಹೇಳಿ ಸರ್ವಿಸ್‌ನಲ್ಲಿ ಏನೂ ಹೇಳದಿದ್ದರೆ ಅದು ಟಿಸಿಪಿ ಅಂತಾಗುತ್ತೆ, ಹೆಸರು ಒಂದೇ ಇದ್ದರೂ ಜೋಡಿ ಕೂಡಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಕಂಟೇನರ್‌ಪೋರ್ಟ್ ಬರೆದರೆ ಪೋರ್ಟ್ ತೆರೆಯುತ್ತೆ, ಬರೆಯದಿದ್ದರೆ ಮುಚ್ಚಿರುತ್ತೆ ಅಂತ. ಹಾಗಿಲ್ಲ. ಅದು ಬರೀ ಮಾಹಿತಿ. ಪಟ್ಟಿಯಲ್ಲಿ ಬರೆಯದಿದ್ದರೂ ಆ್ಯಪ್ ಕೇಳಿಸಿಕೊಳ್ಳುತ್ತಿರುವ ಪೋರ್ಟಿಗೆ ನಂಬರ್ ಮೂಲಕ ಹೋಗಬಹುದು. ಆದರೆ ಹೆಸರು ಬಳಸಬೇಕಾದ್ರೆ ಪಟ್ಟಿ ಕಡ್ಡಾಯ, ಯಾಕಂದ್ರೆ ಹೆಸರು ಇರೋದೇ ಅಲ್ಲಿ. ಮತ್ತೆ ಹೆಸರಿಟ್ಟ ಮಾತ್ರಕ್ಕೆ ನಿಮ್ಮ ಆ್ಯಪ್ ಅಲ್ಲಿಗೆ ಬಂದು ಕೂರಲ್ಲ. ಫ್ಲಾಸ್ಕ್ ಡೀಫಾಲ್ಟ್ ಆಗಿ 5000, ಜ್ಯಾಂಗೋ 8000, ಸ್ಪ್ರಿಂಗ್ ಬೂಟ್ 8080. ನಿಮ್ಮ ಫ್ಲಾಸ್ಕ್ ಆ್ಯಪ್ 5000ದಲ್ಲಿದ್ದು ಪಟ್ಟಿಯಲ್ಲಿ ವೆಬ್ ಅಂದ್ರೆ 8080 ಅಂತಿದ್ದರೆ, ಸರ್ವಿಸ್ ಶ್ರದ್ಧೆಯಿಂದ 8080ಕ್ಕೇ ಕಳಿಸುತ್ತೆ. ಫ್ಲಾಸ್ಕ್‌ನ ಡೆವಲಪ್‌ಮೆಂಟ್ ಸರ್ವರ್‌ನಲ್ಲಿ ಇನ್ನೊಂದು ಕೊಕ್ಕೆ ಇದೆ: ಅದು ಸುಮ್ಮನೆ ಓಡಿಸಿದರೆ 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುತ್ತೆ. ಪಾಡ್‌ನ ಹೊರಗಿನಿಂದ ಬಂದವರಿಗೆ ಆ ಬಾಗಿಲು ಕಾಣೋದೇ ಇಲ್ಲ, 0.0.0.0ಗೆ ಕಟ್ಟಬೇಕು. ಇದು ಪೋರ್ಟಿನ ಹೆಸರಿಗೆ ಸಂಬಂಧಿಸಿದ್ದಲ್ಲ, ಆದರೆ ಲಕ್ಷಣ ಒಂದೇ ಥರ ಇರೋದರಿಂದ ಹೇಳಿದೆ.

ಮೇಲಿನ ಯಾಮಲ್‌ನಲ್ಲಿ ಎರಡು ಹೆಸರುಗಳಿದ್ದವು, ಗಮನಿಸಿದ್ರಾ? ಪಾಡ್‌ನಲ್ಲಿ ವೆಬ್, ಸರ್ವಿಸ್‌ನಲ್ಲಿ ಎಚ್‌ಟಿಟಿಪಿ. ಬೇಕೆಂದೇ ಬೇರೆ ಇಟ್ಟಿದ್ದು. ಇವೆರಡೂ ಒಂದೇ ಆಗಿರಬೇಕು ಅಂತ ನಿಯಮ ಇಲ್ಲ, ಆದರೆ ಯಾರು ಯಾವುದನ್ನು ನೋಡ್ತಾರೆ ಅನ್ನೋದು ಗೊತ್ತಿರಬೇಕು. ಸರ್ವಿಸ್‌ನ ಟಾರ್ಗೆಟ್‌ಪೋರ್ಟ್, ಲೈವ್‌ನೆಸ್ ಮತ್ತು ರೆಡಿನೆಸ್ ಪ್ರೋಬ್, ನೆಟ್‌ವರ್ಕ್ ಪಾಲಿಸಿ: ಇವೆಲ್ಲ ಪಾಡ್‌ನ ಹೆಸರನ್ನು ನೋಡುತ್ತವೆ. ಇನ್‌ಗ್ರೆಸ್ ನೋಡೋದು ಸರ್ವಿಸ್‌ನ ಹೆಸರನ್ನು. ಕ್ಯೂಬ್‌ಸಿಟಿಎಲ್‌ನ ಪೋರ್ಟ್‌ಫಾರ್ವರ್ಡ್ ಕಮಾಂಡಿಗೆ ಸರ್ವಿಸ್ ಕೊಟ್ಟರೆ ಅಲ್ಲೂ ಸರ್ವಿಸ್‌ನ ಹೆಸರೇ. ಪ್ರೊಮಿಥಿಯಸ್ ಆಪರೇಟರ್ ಬಳಸುವವರಿಗೆ ಇದು ನಿತ್ಯದ ತಲೆನೋವು: ಸರ್ವಿಸ್‌ಮಾನಿಟರ್‌ನಲ್ಲಿ ಪೋರ್ಟ್ ಅಂದ್ರೆ ಸರ್ವಿಸ್‌ನ ಹೆಸರು, ಪಾಡ್‌ಮಾನಿಟರ್‌ನಲ್ಲಿ ಪೋರ್ಟ್ ಅಂದ್ರೆ ಪಾಡ್‌ನ ಹೆಸರು. ಅದಲು ಬದಲಾದರೆ ಗ್ರಾಫ್ ಖಾಲಿ, ಎರರ್ ಎಲ್ಲೂ ಕಾಣಲ್ಲ. ವಿಶೇಷ ಕಾರಣ ಇಲ್ಲದಿದ್ದರೆ ಎರಡೂ ಕಡೆ ಒಂದೇ ಹೆಸರಿಡೋದು ಜಾಣತನ ಅಂತ ನನ್ನ ಅಭಿಪ್ರಾಯ.

ಹೆಸರಿನ ಉದ್ದದಲ್ಲೂ ಎರಡು ಕಾನೂನು. ಪಾಡ್‌ನ ಪೋರ್ಟ್ ಹೆಸರು 15 ಅಕ್ಷರ ಮೀರುವಂತಿಲ್ಲ. ಸಣ್ಣಕ್ಷರ, ಅಂಕಿ ಮತ್ತು ಅಡ್ಡಗೆರೆ ಮಾತ್ರ, ಕನಿಷ್ಠ ಒಂದಾದರೂ ಅಕ್ಷರ ಇರಬೇಕು, ಮೊದಲಲ್ಲಿ ಕೊನೆಯಲ್ಲಿ ಅಡ್ಡಗೆರೆ ಇರಬಾರದು, ಎರಡು ಅಡ್ಡಗೆರೆ ಒಟ್ಟಿಗೆ ಬರಬಾರದು. ಈ 15 ಕುಬರ್ನೆಟಿಸ್‌ನವರು ತಲೆಗೆ ತೋಚಿದ ಹಾಗೆ ಇಟ್ಟಿದ್ದಲ್ಲ. ಇಂಟರ್‌ನೆಟ್‌ನ ಪೋರ್ಟ್ ನಂಬರುಗಳ ದಾಖಲೆ ಇಡುವ ಐಯಾನಾ ಸಂಸ್ಥೆಯ ನಿಯಮ, 2011ರ ಆರ್‌ಎಫ್‌ಸಿ 6335ರಲ್ಲಿದೆ. ಸರ್ವಿಸ್‌ನ ಪೋರ್ಟ್ ಹೆಸರು ಮಾತ್ರ ಡಿಎನ್ಎಸ್ ಲೇಬಲ್ ಲೆಕ್ಕದಲ್ಲಿ 63ರವರೆಗೂ ಹೋಗಬಹುದು. ನಮ್ಮ ಫೆಸ್ಟ್ ಆ್ಯಪ್‌ನಲ್ಲಿ ರಿಜಿಸ್ಟ್ರೇಶನ್-ಎಪಿಐ ಅಂತ ಇಂಗ್ಲಿಷಿನಲ್ಲಿ ಬರೆದು ಎಣಿಸಿ ನೋಡಿ: 16. ಸರ್ವಿಸ್ ಒಪ್ಪುತ್ತೆ, ಪಾಡ್ ತಿರಸ್ಕರಿಸುತ್ತೆ.

ಕನಿಷ್ಠ ಒಂದು ಅಕ್ಷರ ಇರಬೇಕು ಅನ್ನೋ ನಿಯಮದಿಂದ ಹೆಲ್ಮ್ ಬಳಸುವವರು ಒಂದು ವಿಚಿತ್ರ ಎರರ್ ನೋಡ್ತಾರೆ. ಟೆಂಪ್ಲೇಟ್‌ನಲ್ಲಿ ಎಲ್ಲದಕ್ಕೂ ಉದ್ಧರಣ ಚಿಹ್ನೆ ಹಾಕುವ ಅಭ್ಯಾಸದಿಂದ ಟಾರ್ಗೆಟ್‌ಪೋರ್ಟ್‌ಗೆ "8080" ಅಂತ ಹೋಗುತ್ತೆ. ಉದ್ಧರಣದೊಳಗೆ ಬಂದ ಕೂಡಲೇ ಅದು ನಂಬರಲ್ಲ, ಹೆಸರು. ಅಕ್ಷರವೇ ಇಲ್ಲದ ಹೆಸರು, ಹಾಗಾಗಿ ಕನಿಷ್ಠ ಒಂದು ಅಕ್ಷರ ಬೇಕು ಅಂತ ಕುಬರ್ನೆಟಿಸ್ ದೂರುತ್ತೆ. ನಂಬರ್ ಸರಿಯಾಗೇ ಇದೆಯಲ್ಲ, ಇದೇನಪ್ಪ ಅಂತ ತಲೆ ಕೆರೆದುಕೊಳ್ಳುವವರಿಗೆ ಉತ್ತರ ಆ ಎರಡು ಚಿಹ್ನೆಗಳಲ್ಲಿದೆ.

ಹೆಸರು ಅನ್ನೋದು ಕುಬರ್ನೆಟಿಸ್‌ನ ಸಂಶೋಧನೆ ಏನಲ್ಲ ಬಿಡಿ. ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇಟಿಸಿ ಫೋಲ್ಡರಿನೊಳಗೆ ಸರ್ವಿಸಸ್ ಅನ್ನೋ ಫೈಲ್ ತೆಗೆದು ನೋಡಿ: ಎಸ್‌ಎಸ್‌ಎಚ್ 22, ಎಚ್‌ಟಿಟಿಪಿ 80, ಎಚ್‌ಟಿಟಿಪಿಎಸ್ 443, ಹೀಗೆ ಉದ್ದಕ್ಕೆ ಪಟ್ಟಿ. ಅದು ಇಡೀ ಮಷೀನಿಗೆ ಒಂದೇ ಪಟ್ಟಿ, ಕುಬರ್ನೆಟಿಸ್‌ನಲ್ಲಿ ಪ್ರತಿ ಪಾಡ್‌ಗೂ ತನ್ನದೇ ಪಟ್ಟಿ. ವ್ಯತ್ಯಾಸ ಇಷ್ಟೇ.

ಸರ್ವಿಸ್‌ನಲ್ಲಿ ಒಂದೇ ಪೋರ್ಟ್ ಇದ್ದಾಗ ಅದಕ್ಕೆ ಹೆಸರು ಐಚ್ಛಿಕ. ಎರಡನೆಯದು, ಉದಾಹರಣೆಗೆ ಮೆಟ್ರಿಕ್ಸ್‌ಗೆ ಅಂತ ಒಂದು, ಸೇರಿಸಿದ ಕೂಡಲೇ ಎರಡಕ್ಕೂ ಹೆಸರು ಕಡ್ಡಾಯ. ನಿಮ್ಮ ಕ್ಲಸ್ಟರಿನಲ್ಲೇ ಇದಕ್ಕೆ ಉದಾಹರಣೆ ಇದೆ. ಕ್ಯೂಬ್-ಸಿಸ್ಟಮ್ ನೇಮ್‌ಸ್ಪೇಸ್‌ನಲ್ಲಿ ಕ್ಯೂಬ್-ಡಿಎನ್ಎಸ್ ಅನ್ನೋ ಸರ್ವಿಸ್ ನೋಡಿ: 53 ಯುಡಿಪಿಗೆ ಡಿಎನ್ಎಸ್, 53 ಟಿಸಿಪಿಗೆ ಡಿಎನ್ಎಸ್-ಟಿಸಿಪಿ, 9153ಕ್ಕೆ ಮೆಟ್ರಿಕ್ಸ್. ಡೀಫಾಲ್ಟ್ ನೇಮ್‌ಸ್ಪೇಸ್‌ನಲ್ಲಿ ಕುಬರ್ನೆಟಿಸ್ ಅನ್ನೋ ಹೆಸರಿನ ಸರ್ವಿಸ್ ಕೂಡ ಇದೆ, ಅದರ 443ನೇ ಪೋರ್ಟಿನ ಹೆಸರು ಎಚ್‌ಟಿಟಿಪಿಎಸ್. ಅದರ ಹಿಂದಿನ ನಂಬರ್ ಕೈಂಡ್‌ನಲ್ಲಿ 6443, ಮಿನಿಕ್ಯೂಬ್‌ನಲ್ಲಿ 8443. ಎರಡರಲ್ಲೂ ಪಾಡ್‌ಗಳು 443 ಎಚ್‌ಟಿಟಿಪಿಎಸ್ ಅಂತಲೇ ಹೋಗ್ತವೆ, ಹಿಂದೆ ಏನಿದೆ ಅಂತ ಯಾರೂ ಕೇಳಲ್ಲ.

ಸರ್ವಿಸ್‌ನ ಹೆಸರಿನಿಂದ ಇನ್ನೊಂದು ಉಪಯೋಗ ಎಸ್‌ಆರ್‌ವಿ ದಾಖಲೆ. ಹೆಸರಿಟ್ಟ ಪ್ರತಿ ಪೋರ್ಟಿಗೂ ಕ್ಲಸ್ಟರಿನ ಡಿಎನ್ಎಸ್ ಇಂಥದೊಂದು ದಾಖಲೆ ಮಾಡುತ್ತೆ, ಅದನ್ನು ಕೇಳಿದರೆ ಪೋರ್ಟ್ ನಂಬರ್ ಕೂಡ ಉತ್ತರದಲ್ಲಿ ಬರುತ್ತೆ. ಸಾಮಾನ್ಯ ಡಿಎನ್ಎಸ್ ಉತ್ತರದಲ್ಲಿ ಐಪಿ ಮಾತ್ರ ಇರುತ್ತೆ. ಹೆಡ್‌ಲೆಸ್ ಸರ್ವಿಸ್ ಬಳಸುವಾಗ ಇದು ನೆನಪಿರಲಿ, ಯಾಕಂದ್ರೆ ಅಲ್ಲಿ ನಡುವೆ ಪೋರ್ಟ್ ಬದಲಿಸಿಕೊಡೋಕೆ ಯಾರೂ ಇಲ್ಲ. ಡಿಎನ್ಎಸ್ ನೇರವಾಗಿ ಪಾಡ್‌ನ ಐಪಿ ಕೊಟ್ಟುಬಿಡುತ್ತೆ, ನೀವು ಬರೆದ ಪೋರ್ಟ್ 80, ಟಾರ್ಗೆಟ್‌ಪೋರ್ಟ್ ವೆಬ್ ಅನ್ನೋ ಒಪ್ಪಂದಕ್ಕೆ ಅಲ್ಲಿ ಬೆಲೆ ಇಲ್ಲ. 80ಕ್ಕೆ ಹೋದವನು ಪಾಡ್‌ನ 80ಕ್ಕೇ ಹೋಗ್ತಾನೆ.

ಇಸ್ಟಿಯೊ ಥರದ ಸರ್ವಿಸ್ ಮೆಶ್ ಹಾಕಿದರೆ ಹೆಸರಿಗೆ ಇನ್ನೊಂದು ಅರ್ಥ ಬರುತ್ತೆ. ಸರ್ವಿಸ್ ಪೋರ್ಟಿನ ಹೆಸರು ಎಚ್‌ಟಿಟಿಪಿ ಅಥವಾ ಜಿಆರ್‌ಪಿಸಿ ಅಂತ ಶುರುವಾಗಿ ಅಡ್ಡಗೆರೆಯ ನಂತರ ಏನಾದರೂ ಇದ್ದರೆ, ಅದನ್ನು ನೋಡಿಯೇ ಯಾವ ಪ್ರೋಟೋಕಾಲ್ ಅಂತ ಅದು ತೀರ್ಮಾನಿಸುತ್ತೆ. ಹೆಸರಿನಲ್ಲಿ ಅರ್ಥ ತುಂಬೋದು ನನಗೆ ಅಷ್ಟು ಇಷ್ಟವಾಗದ ಪದ್ಧತಿ. ಅದಕ್ಕಂತಲೇ ಈಗ ಆ್ಯಪ್‌ಪ್ರೋಟೋಕಾಲ್ ಅನ್ನೋ ಪ್ರತ್ಯೇಕ ಜಾಗ ಸರ್ವಿಸ್‌ನಲ್ಲೇ ಇದೆ, ಅದನ್ನು ಬಳಸಿ. ಹೆಸರಿನೊಳಗೆ ನಂಬರ್ ಸೇರಿಸಿ ವೆಬ್-8080 ಅಂತ ಇಡೋದಂತೂ ಬೇಡವೇ ಬೇಡ. ನಾಳೆ ನಂಬರ್ 9000 ಆದಾಗ ಹೆಸರು ಸುಳ್ಳಾಗುತ್ತೆ, ಹೆಸರು ಬದಲಿಸೋಣ ಅಂದ್ರೆ ಮತ್ತೆ ಅದೇ ಮೊದಲು-ಆಮೇಲೆ ಗೊಂದಲಕ್ಕೆ ವಾಪಸ್.

ಎಲ್ಲ ಕಡೆಯೂ ಹೆಸರು ನಡೆಯಲ್ಲ. ಎಚ್‌ಟಿಟಿಪಿ ಮತ್ತು ಟಿಸಿಪಿ ಪ್ರೋಬ್‌ಗಳು ಹೆಸರು ಒಪ್ಪುತ್ತವೆ, ಜಿಆರ್‌ಪಿಸಿ ಪ್ರೋಬ್ ಒಪ್ಪಲ್ಲ, ನಂಬರೇ ಬೇಕು. ಇನ್‌ಗ್ರೆಸ್‌ನ ಉತ್ತರಾಧಿಕಾರಿಯಾಗಿ ಬಂದಿರುವ ಗೇಟ್‌ವೇ ಎಪಿಐನಲ್ಲಿ ಎಚ್‌ಟಿಟಿಪಿ ರೂಟ್‌ನಿಂದ ಸರ್ವಿಸ್‌ಗೆ ಬೊಟ್ಟು ಮಾಡುವಾಗಲೂ ನಂಬರೇ. ಆದರೆ ಅದು ಸರ್ವಿಸ್‌ನ ನಂಬರ್, ಅದು ಹೇಗೂ ಸ್ಥಿರ, ಹಾಗಾಗಿ ದೊಡ್ಡ ನಷ್ಟ ಇಲ್ಲ.

ಸೈಟ್ ಬರ್ತಿಲ್ಲ ಅಂದಾಗ ಎಲ್ಲಿಂದ ಹುಡುಕೋದು? ಪಾಡ್‌ನ ಲಾಗ್‌ನಿಂದ ಶುರು ಮಾಡಬೇಡಿ, ರಿಕ್ವೆಸ್ಟ್ ಅಲ್ಲಿಗೆ ಬಂದೇ ಇಲ್ಲದಿರಬಹುದು. ಮೊದಲು ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ಸರ್ವಿಸ್ ಕೊಟ್ಟು ಟಾರ್ಗೆಟ್‌ಪೋರ್ಟ್ ಸಾಲು ಓದಿ. ಆಮೇಲೆ ಕ್ಯೂಬ್‌ಸಿಟಿಎಲ್ ಗೆಟ್ ಎಂಡ್‌ಪಾಯಿಂಟ್‌ಸ್ಲೈಸ್. ವಿಳಾಸವೇ ಇಲ್ಲದಿದ್ದರೆ ಲೇಬಲ್ ಹೊಂದಿಲ್ಲ. ವಿಳಾಸ ಇದ್ದು ಪೋರ್ಟ್ ಇಲ್ಲದಿದ್ದರೆ ಹೆಸರು ಅಥವಾ ಪ್ರೋಟೋಕಾಲ್ ಹೊಂದಿಲ್ಲ. ಎರಡೂ ಇದ್ದರೆ ಆ ನಂಬರಿನಲ್ಲಿ ಆ್ಯಪ್ ನಿಜವಾಗಿಯೂ ಕೂತಿದೆಯಾ ಅಂತ ಪಾಡ್‌ನ ಕಡೆ ಹೋಗಿ. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಎಂಡ್‌ಪಾಯಿಂಟ್ಸ್ ಅನ್ನೋ ಬೇರೆ ವಸ್ತು ನೋಡಿ ಅಂತ ಇರುತ್ತೆ; 1.33ರಿಂದ ಅದು ಡೆಪ್ರಿಕೇಟೆಡ್, ಸ್ಲೈಸ್ ನೋಡೋದನ್ನೇ ರೂಢಿ ಮಾಡಿಕೊಳ್ಳಿ.

ಇದನ್ನೆಲ್ಲ ಕಣ್ಣಾರೆ ನೋಡಬೇಕಾದ್ರೆ ಲ್ಯಾಪ್‌ಟಾಪಿನಲ್ಲಿ ಕೈಂಡ್ ಹಾಕಿಕೊಂಡು ಅರ್ಧ ಗಂಟೆ ಕೂತರೆ ಸಾಕು. ಎರಡು ಡಿಪ್ಲಾಯ್‌ಮೆಂಟ್ ಮಾಡಿ: ಒಂದರಲ್ಲಿ ಮಾಮೂಲಿ ಎಂಜಿನ್‌ಎಕ್ಸ್, ವೆಬ್ ಅಂದ್ರೆ 80, ಇನ್ನೊಂದರಲ್ಲಿ ಅನ್‌ಪ್ರಿವಿಲೆಜ್ಡ್ ಇಮೇಜ್, ವೆಬ್ ಅಂದ್ರೆ 8080. ಎರಡರ ಪಾಡ್‌ಗಳಿಗೂ ಆ್ಯಪ್ ಅನ್ನೋ ಲೇಬಲ್ ಒಂದೇ ಇರಲಿ, ಜೊತೆಗೆ ವರ್ಷನ್ ಅನ್ನೋ ಲೇಬಲ್ ಬೇರೆ ಬೇರೆ ಇರಲಿ. ಡಿಪ್ಲಾಯ್‌ಮೆಂಟ್‌ಗಳ ಸೆಲೆಕ್ಟರಿನಲ್ಲಿ ವರ್ಷನ್ ಕೂಡ ಸೇರಿಸಿ, ಇಲ್ಲದಿದ್ರೆ ಒಂದರ ಪಾಡ್ ಇನ್ನೊಂದರ ಸೆಲೆಕ್ಟರಿಗೂ ಹೊಂದಿಬಿಡುತ್ತೆ. ಸರ್ವಿಸ್‌ನ ಸೆಲೆಕ್ಟರಿನಲ್ಲಿ ಆ್ಯಪ್ ಮಾತ್ರ, ಟಾರ್ಗೆಟ್‌ಪೋರ್ಟ್ ವೆಬ್. ಈಗ ಎಂಡ್‌ಪಾಯಿಂಟ್‌ಸ್ಲೈಸ್ ಪಟ್ಟಿ ತೆಗೆದರೆ ಒಂದೇ ಸರ್ವಿಸ್‌ಗೆ ಎರಡು ಸ್ಲೈಸ್ ಕಾಣಿಸುತ್ತೆ, ಒಂದರ ಪೋರ್ಟ್ ಕಾಲಮ್ಮಿನಲ್ಲಿ 80, ಇನ್ನೊಂದರಲ್ಲಿ 8080. ಒಂದು ಸ್ಲೈಸ್‌ನೊಳಗಿನ ವಿಳಾಸಗಳಿಗೆಲ್ಲ ಒಂದೇ ಪೋರ್ಟ್ ಪಟ್ಟಿ ಇರಬೇಕಾದ್ದರಿಂದ ಕಂಟ್ರೋಲರ್ ಅವುಗಳನ್ನು ಬೇರೆ ಮಾಡಿಟ್ಟಿರುತ್ತೆ. ಆಮೇಲೆ ಟಾರ್ಗೆಟ್‌ಪೋರ್ಟನ್ನು 80 ಅಂತ ಬದಲಿಸಿ, ಕ್ಲಸ್ಟರಿನೊಳಗಿನ ಇನ್ನೊಂದು ಪಾಡ್‌ನಿಂದ ಸರ್ವಿಸ್‌ಗೆ ಹತ್ತಿಪ್ಪತ್ತು ಸಲ ಕರ್ಲ್ ಹೊಡೆದು ಎಷ್ಟು ಬೀಳ್ತವೆ ಅಂತ ಎಣಿಸಿ.